ಭೀಮೆಯ ಮೇಲೆ ಒಂದು ದಿನ: ದೋಣಿಯಲ್ಲಿ ಹೋಗಿ ಬರುವವರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿರುವ ನಮ್ಮ ಕಾಕಾನ ಮಗ ಪ್ರತಿ ಡಿಸೆಂಬರ್‌ನಲ್ಲೂ ಫೋನ್ ಮಾಡುತ್ತಾನೆ. "ಅಣ್ಣಾ, ಈ ಸಲ ಅಲೆಪ್ಪಿಗೆ ಹೋಗೋಣೇನು? ಹೌಸ್‌ಬೋಟ್ ಬುಕ್ ಮಾಡ್ತೀನಿ." ಮೊದಲೆಲ್ಲ ಹೂಂ ಅನ್ನುತ್ತಿದ್ದೆ. ಎರಡು ವರ್ಷದ ಹಿಂದೆ ಮಾತ್ರ ಬೇರೆ ಹೇಳಿದೆ. "ತಮ್ಮಾ, ಮೊದ್ಲ ಯಾದಗಿರಿಗಿ ಬಾ. ಮನಿ ಮುಂದ ಭೀಮಿ ಹರಿತಾಳ, ಆಕಿನ್ನ ಬಿಟ್ಟು ಎಲ್ಲಿಗಿ ಹೋಗ್ತಿ?"

ಬಂದ. ಶೂ ಹಾಕಿಕೊಂಡು, ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ದಂಡೆಗೆ ಇಳಿದ. ದೋಣಿ ನಡೆಸುವ ಮುತ್ಯಾ ಅವನನ್ನು ಮೇಲಿಂದ ಕೆಳಗೆ ನೋಡಿ ಒಂದೇ ಪ್ರಶ್ನೆ ಕೇಳಿದರು: "ಮ್ಯಾಲ ನೀರು ಎಷ್ಟ್ ಬಿಟ್ಟಾರ, ಕೇಳ್ಕೊಂಡ್ ಬಂದಿರೇನು?" ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮ ಕಡೆಯ ನದಿಯಲ್ಲಿ ಸವಾರಿ ಶುರುವಾಗುವುದು ಆ ಪ್ರಶ್ನೆಯಿಂದ. ದೋಣಿ, ಜಾಕೆಟ್, ರೊಟ್ಟಿ ಗಂಟು ಎಲ್ಲ ಆಮೇಲೆ.

ನದಿಯ ಮೈಕಟ್ಟು

ಕೇರಳದ ಹಿನ್ನೀರು ಸಮುದ್ರದ ಮಟ್ಟದಲ್ಲೇ ಇರುತ್ತದೆ. ಅಲ್ಲಿ ಹೊರಟರೆ ದಿನವಿಡೀ ಹೋಗುತ್ತಲೇ ಇರಬಹುದು. ನಮ್ಮ ನದಿಗಳು ಹಾಗಿಲ್ಲ. ಕೃಷ್ಣೆ ನಾರಾಯಣಪುರ ಡ್ಯಾಮಿನ ಕೆಳಗೆ ಬಂಡೆಗಳ ನಡುವೆ ಧುಮ್ಮಿಕ್ಕುತ್ತಾ, ಸೀಳುತ್ತಾ ಜಲದುರ್ಗದ ಕಡೆ ಹೋಗುತ್ತಾಳೆ. ನೋಡಲು ಚೆಂದ, ದೋಣಿಗೆ ಬೇಡವೇ ಬೇಡ. ಡ್ಯಾಮಿನ ಮೇಲ್ಗಡೆ ಬಸವಸಾಗರದ ಹಿನ್ನೀರು ದೊಡ್ಡದು. ಅಲ್ಲಿ ಮಧ್ಯಾಹ್ನದ ಗಾಳಿಗೆ ಸಣ್ಣ ದೋಣಿಯನ್ನು ಅಲ್ಲಾಡಿಸುವ ತೆರೆ ಏಳುತ್ತದೆ. ಜೊತೆಗೆ ಅದು ಕೃಷ್ಣಾ ಭಾಗ್ಯ ಜಲ ನಿಗಮದ ಕೈಯಲ್ಲಿರುವ ಜಾಗ, ಅನುಮತಿ ಇಲ್ಲದೆ ಇಳಿಯುವ ಹಾಗಿಲ್ಲ. ಬೀದರ್ ಕಡೆಯವರಿಗೆ ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯವಿದೆ. ಅಲ್ಲೂ ಇದೇ ಲೆಕ್ಕ.

ಭೀಮೆಯ ಕಥೆ ಬೇರೆ. ಸೊನ್ನ, ಘತ್ತರಗಿ, ದೇವಲ ಗಾಣಗಾಪುರ, ಸನ್ನತಿ, ಗುರುಸಣಗಿ, ಜೋಳದಡಗಿ ಹೀಗೆ ಒಂದರ ಕೆಳಗೊಂದು ಬ್ಯಾರೇಜ್ ಕಟ್ಟಿದ್ದಾರೆ. ಮಳೆಗಾಲ ಮುಗಿದ ಮೇಲೆ ಗೇಟ್ ಇಳಿಸಿ ನೀರು ನಿಲ್ಲಿಸುತ್ತಾರೆ. ಹರಿಯುವ ಹೊಳೆ ಆಗ ಉದ್ದುದ್ದ ಕೆರೆಗಳ ಸಾಲಿನ ಹಾಗೆ ಆಗುತ್ತದೆ. ಒಂದು ಬ್ಯಾರೇಜಿನ ಹಿಂದೆ ನಿಂತ ಆ ನೀರೇ ನಮ್ಮ ದಾರಿ. ಒಂದು ದಿನಕ್ಕೆ ಒಂದೇ ನಿಲುಗಡೆ ನೀರು ಸಾಕು, ಬ್ಯಾರೇಜ್ ದಾಟಿ ಮುಂದಿನದಕ್ಕೆ ಹೋಗುವ ಆಸೆ ಇಟ್ಟುಕೊಳ್ಳಬೇಡಿ.

2016ರ ಕಾಯ್ದೆಯಲ್ಲಿ ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯ ಜಲಮಾರ್ಗ ಎಂದು ಬರೆದುಕೊಂಡಿದ್ದಾರೆ. ಅದರಲ್ಲಿ ಭೀಮೆಗೆ 21ನೇ ನಂಬರ್. ಕೃಷ್ಣೆ ಗಲಗಲಿಯವರೆಗೆ 4ನೇ ಜಲಮಾರ್ಗದ ಭಾಗ. ಇದನ್ನು ಓದಿ ಯಾರಾದರೂ ತೇಲುವ ಗುರುತು, ದೀಪ, ಬೋರ್ಡ್ ಇರುತ್ತದೆ ಅಂದುಕೊಂಡರೆ ಮೋಸ ಹೋಗುತ್ತಾರೆ. ನಮ್ಮಲ್ಲಿ ಗುರುತು ಅಂದರೆ ಬೇವಿನ ಮರ, ಗುಡಿಯ ಶಿಖರ, ಪಂಪ್‌ಸೆಟ್ ಶೆಡ್.

ಮೊದಲ ಕೆಲಸ: ಗೇಟ್ ಕೇಳುವುದು

ಭೀಮೆಯ ನೀರು ನಮ್ಮ ಮೋಡ ನೋಡಿಕೊಂಡು ಬರುವುದಿಲ್ಲ. ಮೇಲೆ ಸೊಲ್ಲಾಪುರ ಜಿಲ್ಲೆಯಲ್ಲಿ ಉಜನಿ ಡ್ಯಾಮ್ ಇದೆ, ಸುಮಾರು 117 ಟಿಎಂಸಿ ಹಿಡಿಯುವಂಥದ್ದು (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಪುಣೆ ಕಡೆ ಮಳೆ ಜೋರಾದರೆ ಅಲ್ಲಿ ಗೇಟ್ ಎತ್ತುತ್ತಾರೆ. ನಮ್ಮಲ್ಲಿ ಬಿಸಿಲು ಚುರುಗುಟ್ಟುತ್ತಿರುವಾಗಲೇ ಹೊಳೆ ಏರುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಊರೊಳಗೆ ಬಂದಾಗ ಇದನ್ನು ಇಲ್ಲಿನ ಮಕ್ಕಳೂ ಕಲಿತರು.

ಕ್ಯೂಸೆಕ್ ಅನ್ನುವ ಮಾತು ಪೇಪರಿನಲ್ಲಿ ದಿನಾ ಓದುತ್ತೇವೆ, ಲೆಕ್ಕ ಮಾತ್ರ ತಲೆಗೆ ಹೋಗಿರುವುದಿಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ದೊಡ್ಡ ಎರಡು ಬಕೆಟ್ ಇದ್ದ ಹಾಗೆ. 1 ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. ಬಸವಸಾಗರ ತುಂಬಿ ತುಳುಕಿದರೂ ಸುಮಾರು 33 ಟಿಎಂಸಿ. ಅಂದರೆ ಅಷ್ಟೂ ನೀರು ನಾಲ್ಕು ದಿನದೊಳಗೆ ಖಾಲಿ! 2019ರ ಆಗಸ್ಟ್‌ನಲ್ಲಿ ಕೃಷ್ಣೆಯಲ್ಲಿ 5 ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ಹರಿಯಿತು. ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಯ ಊರಿನವರು ಪ್ರವಾಹ ಬಂದಾಗೆಲ್ಲ ದಿಗ್ಬಂಧನ ಹಾಕಿದವರ ಹಾಗೆ ಕೂರುವುದು ಇದಕ್ಕೇ.

ಮಾಡಬೇಕಾದ್ದು ಇಷ್ಟು. ಹೊರಡುವ ಮೂರು ದಿನ ಮೊದಲಿಂದ ಉಜನಿಯ ಸುದ್ದಿ ನೋಡುತ್ತಿರಿ. ಕೃಷ್ಣೆಯಾದರೆ ಆಲಮಟ್ಟಿ, ನಾರಾಯಣಪುರದ ಒಳಹರಿವು ಮತ್ತು ಹೊರಹರಿವು. ಮುಂಚಿನ ದಿನ ಸಂಜೆ ಬ್ಯಾರೇಜಿನ ಗೇಟ್ ನೋಡಿಕೊಳ್ಳುವವರನ್ನು ಹೋಗಿಯೇ ಕೇಳಿ: ನಾಳೆ ಗೇಟ್ ಏನಾದರೂ ಎತ್ತುತ್ತೀರಾ? ಫೋನಿಗಿಂತ ಮುಖಾಮುಖಿ ಒಳ್ಳೆಯದು. ನೀವು ಎಷ್ಟು ಜನ, ಎಲ್ಲಿಂದ ಎಲ್ಲಿಗೆ ಅಂತ ಅವರಿಗೂ ಗೊತ್ತಾಗುತ್ತದೆ. ಬೆಳಗ್ಗೆ ದಂಡೆಗೆ ಬಂದ ಕೂಡಲೇ ನೀರಂಚಿನಲ್ಲಿ ಒಂದು ಕಡ್ಡಿ ಚುಚ್ಚಿ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಕಡ್ಡಿಯ ಬುಡ ಮುಳುಗಿದ್ದರೆ ಆವತ್ತು ಮನೆಗೆ ವಾಪಸ್. ನೀರಿನ ಬಣ್ಣ ಕೆಂಪಗಾಗಿದ್ದರೆ, ಕಸ ಕಡ್ಡಿ, ಜಾಲಿ ಟೊಂಗೆ ತೇಲಿ ಬರುತ್ತಿದ್ದರೆ ಕಡ್ಡಿ ನೋಡುವ ಕೆಲಸವೂ ಇಲ್ಲ.

ಯಾವ ತಿಂಗಳು

ನವೆಂಬರ್ ನಡುವಿಂದ ಫೆಬ್ರುವರಿ ಕೊನೆ. ಅಷ್ಟೇ. ಜೂನ್‌ನಿಂದ ಅಕ್ಟೋಬರ್ ನದಿಯದ್ದು, ನಮ್ಮದಲ್ಲ. ಮಾರ್ಚ್ ದಾಟಿದರೆ ನೀರು ಇಳಿದು ಬಂಡೆ ತಲೆ ಎತ್ತುತ್ತವೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ನೆರಳಿಲ್ಲದ ದೋಣಿಯಲ್ಲಿ ಕೂರುವುದು ಹೆಂಚಿನ ಮೇಲೆ ಕೂತ ಹಾಗೆ. ಸಂಜೆಯಾದರೆ ಸಿಡಿಲಿನ ಕಾಟ ಬೇರೆ. ಎಳ್ಳ ಅಮಾವಾಸ್ಯೆಯ ಆಸುಪಾಸು ನನಗೆ ಎಲ್ಲಕ್ಕಿಂತ ಇಷ್ಟ. ಎರಡೂ ದಂಡೆಯಲ್ಲಿ ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ, ಚಳಿ ಇರುತ್ತದೆ, ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ನಮ್ಮ ಕಡೆಯ ಕೆರೆಗಳಿಗೆ ಬಂದಿರುತ್ತವೆ. ಮಂಜು ಬಿದ್ದ ದಿನ ಮಾತ್ರ ಅದು ಸರಿಯುವ ತನಕ ಹೊರಡಬೇಡಿ.

ದೋಣಿ ಮತ್ತು ಅಂಬಿಗ

ಹರಿಗೋಲು ನೋಡಿದ ಕೂಡಲೇ ಹತ್ತಬೇಕು ಅನಿಸುತ್ತದೆ. ಬಿದಿರಿನ ಬುಟ್ಟಿ, ಹಿಂದೆ ಅದಕ್ಕೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ತಳ ಚಪ್ಪಟೆ, ಗೇಣುದ್ದದ ನೀರಲ್ಲೂ ಹೋಗುತ್ತದೆ, ಬಂಡೆಗೆ ತಾಗಿದರೆ ಮೃದುವಾಗಿ ಸರಿಯುತ್ತದೆ. ಹೊಳೆ ದಾಟಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ದೂರ ಹೋಗಲು ಬಾರದು. ಅದಕ್ಕೆ ಮುಂದು ಹಿಂದು ಇಲ್ಲ, ಹುಟ್ಟು ಹಾಕುವುದು ಸ್ವಲ್ಪ ತಪ್ಪಿದರೆ ಬುಗುರಿಯ ಹಾಗೆ ತಿರುಗುತ್ತದೆ. ಅರ್ಧ ಗಂಟೆ ಆಸೆ ತೀರಿಸಿಕೊಳ್ಳಿ, ಪೂರ್ತಿ ದಿನಕ್ಕೆ ಉದ್ದ ದೋಣಿಯೇ ಇರಲಿ.

ಫೈಬರ್ ದೋಣಿಯಾದರೆ ತಳದಲ್ಲಿ ಬಿರುಕು, ತೇಪೆ ನೋಡಿ. ಎಲ್ಲರೂ ಕೂತ ಮೇಲೆ, ಸಾಮಾನು ಇಟ್ಟ ಮೇಲೆ, ನೀರಿನ ಮೇಲೆ ಎಷ್ಟು ಅಂಚು ಉಳಿದಿದೆ ಅಂತ ಕೈಯಲ್ಲೇ ಅಳೆಯಿರಿ. ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು ಇರಬೇಕು, ಅಂದರೆ ಸುಮಾರು 30 ಸೆಂಟಿಮೀಟರ್. ಅದಕ್ಕಿಂತ ಕಡಿಮೆ ಇದ್ದರೆ ಒಬ್ಬರು ಇಳಿಯಬೇಕು. ಇಲ್ಲಿ ಮರ್ಯಾದೆ ನೋಡಬಾರದು. ನಮ್ಮಲ್ಲಿ ಆಗುವುದೇನು? "ಅವನೊಬ್ಬನ್ನ ಯಾಕ ಬಿಡೋದು, ಬಾ ಬಾ" ಅಂತ ಕೊನೆಗೆ ಇಬ್ಬರನ್ನು ಹತ್ತಿಸಿಕೊಳ್ಳುತ್ತೇವೆ.

ಇಂಜಿನ್ ಇರುವ ದೋಣಿ ಬಾಡಿಗೆಗೆ ತೆಗೆದುಕೊಂಡರೆ ಕಾಗದ ಕೇಳಿ. 1917ರ ಹಳೆಯ ಕಾನೂನಿನ ಜಾಗದಲ್ಲಿ ಈಗ 2021ರ ಒಳನಾಡು ಹಡಗು ಕಾಯ್ದೆ ಇದೆ. ಅದರ ಪ್ರಕಾರ ಇಂಜಿನ್ ದೋಣಿಗೆ ನೋಂದಣಿ ಮತ್ತು ತಪಾಸಣೆ ಪತ್ರ ಬೇಕು. ಮೀನು ಹಿಡಿಯುವವರ ದೋಣಿ ಅವರ ಹೊಟ್ಟೆಪಾಡಿನದು, ಜನ ಸಾಗಿಸಲು ಪರವಾನಗಿ ಇರುವುದಿಲ್ಲ. ಜಾಸ್ತಿ ದುಡ್ಡು ತೋರಿಸಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಸ್ವಂತ ದೋಣಿ ಅಥವಾ ಕಯಾಕ್ ತರುವವರು ಊರಿನ ಪಂಚಾಯಿತಿಗೆ, ಹತ್ತಿರದ ಠಾಣೆಗೆ ಒಂದು ಮಾತು ತಿಳಿಸಿ.

ಯಾವ ದೋಣಿಯಾದರೂ ಆ ಜಾಗದ ಅಂಬಿಗರೊಬ್ಬರು ಜೊತೆಗಿರಲಿ. 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನನ್ನು ತಮ್ಮವನು ಅಂತ ನೆನೆಯುವ ಜನ ನಮ್ಮ ನದಿ ದಂಡೆಯ ಎಷ್ಟೋ ಊರುಗಳಲ್ಲಿದ್ದಾರೆ. ಅವರಿಗೆ ನೀರಿನ ಕೆಳಗಿನ ನೆಲ ಗೊತ್ತು. ಎಲ್ಲಿ ಮಡು, ಎಲ್ಲಿ ಹಾಸುಬಂಡೆ, ಎಲ್ಲಿ ಮರಳು ತೆಗೆದು ಗುಂಡಿ ಮಾಡಿದ್ದಾರೆ, ಇದು ಯಾವ ಮ್ಯಾಪಿನಲ್ಲೂ ಸಿಗುವುದಿಲ್ಲ. ಮರಳು ಗುಂಡಿಯ ವಿಷಯ ಗಟ್ಟಿಯಾಗಿ ಹೇಳುತ್ತೇನೆ: ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟು ಆಳಕ್ಕೆ ಹೋಗುವುದು ಅಲ್ಲಿಯೇ. ದೋಣಿಯಿಂದ ಇಳಿಯುವ ಮೊದಲು ಗಳ ಇಳಿಸಿ ತಳ ಮುಟ್ಟಿ ನೋಡಿ.

ಇದುವರೆಗೆ ದೋಣಿಯನ್ನೇ ಹತ್ತಿಲ್ಲ ಅನ್ನುವವರು ಮೊದಲು ನಿಂತ ನೀರಲ್ಲಿ ಕೂತು ನೋಡಿ. ಕಲಬುರಗಿಯಲ್ಲಿ ಅಪ್ಪನ ಕೆರೆಯಿದೆ, ಚಿಂಚೋಳಿ ಕಾಡಿನೊಳಗೆ ಚಂದ್ರಂಪಳ್ಳಿ ಜಲಾಶಯವಿದೆ. ಬೋಟಿಂಗ್ ನಡೆಯುತ್ತಿರುವ ದಿನ ಅರ್ಧ ಗಂಟೆ ಕೂತರೆ ಹೆದರಿಕೆ ಎಷ್ಟಿದೆ ಅಂತ ನಿಮಗೇ ಗೊತ್ತಾಗುತ್ತದೆ.

ಗಂಟು ಕಟ್ಟುವಾಗ

ಲೈಫ್ ಜಾಕೆಟ್ ತಲೆಗೊಂದು. ಅದರ ಮೇಲೆ ನ್ಯೂಟನ್ ಅಂತ ಅಂಕಿ ಬರೆದಿರುತ್ತದೆ. 50 ಇದ್ದರೆ ಅದು ಈಜು ಬಲ್ಲವರಿಗೆ ಆಸರೆ ಮಾತ್ರ. ಈಜು ಬಾರದವರಿಗೆ 100 ಅಥವಾ 150 ಇರಲಿ, ಪ್ರಜ್ಞೆ ತಪ್ಪಿದರೂ ಮುಖ ಮೇಲೆ ಮಾಡಿ ಹಿಡಿಯುವ ಜಾತಿ ಅದು. ಹಾಕಿದ ಮೇಲೆ ಎರಡೂ ಭುಜ ಹಿಡಿದು ಮೇಲಕ್ಕೆ ಎಳೆಯಿರಿ. ಕಿವಿಯ ತನಕ ಜಾರಿ ಬಂದರೆ ಸಡಿಲ ಅಂತ ಅರ್ಥ. ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಬೇಕು. ಜಾಕೆಟ್ಟನ್ನು ಮಡಚಿ ಕುಂಡಿ ಕೆಳಗೆ ಇಟ್ಟುಕೊಳ್ಳುವವರನ್ನು ನಾನು ಬಹಳ ನೋಡಿದ್ದೇನೆ. ನಮ್ಮ ತಮ್ಮನೂ ಹಾಗೆಯೇ ಮಾಡಿದ, ಫೋಟೋದಲ್ಲಿ ಅಂಗಿ ಕಾಣುವುದಿಲ್ಲವಂತೆ. ಮುತ್ಯಾ ಹುಟ್ಟನ್ನು ದೋಣಿಯಲ್ಲಿಟ್ಟು ಸುಮ್ನೆ ಕೂತುಬಿಟ್ಟರು. ಅವನು ಹಾಕಿಕೊಳ್ಳುವ ತನಕ ದೋಣಿ ಕದಲಲಿಲ್ಲ.

ಉಳಿದ ಸಾಮಾನು ಬಹಳವೇನಿಲ್ಲ. ಇಂಜಿನ್ ಇದ್ದರೂ ಎರಡು ಹುಟ್ಟು, ಒಂದು ಉದ್ದ ಗಳ. 15 ಮೀಟರ್‌ನ ಎರಡು ನೈಲಾನ್ ಹಗ್ಗ. ಒಂದರ ತುದಿಗೆ 5 ಲೀಟರಿನ ಖಾಲಿ ಎಣ್ಣೆ ಕ್ಯಾನ್ ಮುಚ್ಚಳ ಬಿಗಿದು ಕಟ್ಟಿಡಿ. ಯಾರಾದರೂ ಬಿದ್ದರೆ ಎಸೆಯುವುದು ಇದನ್ನೇ, ಹಿಡಿದವನನ್ನು ತೇಲಿಸುತ್ತದೆ. ಕ್ಯಾನಿನೊಳಗೆ ಒಂದು ಲೋಟ ನೀರು ಬಿಟ್ಟಿದ್ದರೆ ದೂರ ಹೋಗಿ ಬೀಳುತ್ತದೆ. ಇನ್ನೊಂದು ಹಗ್ಗ ಲಂಗರಿಗೆ. ಗೊಬ್ಬರದ ಚೀಲದಲ್ಲಿ ಕಲ್ಲು ತುಂಬಿದರೂ ನಡೆಯುತ್ತದೆ. ಆದರೆ ಹಗ್ಗ ನೀರಿನ ಆಳದ ಐದು ಪಟ್ಟು ಬಿಡಬೇಕು, ನೆಟ್ಟಗೆ ಇಳಿಬಿಟ್ಟರೆ ಚೀಲ ಎದ್ದು ಜೊತೆಗೇ ಬರುತ್ತದೆ. 3 ಮೀಟರ್ ಆಳಕ್ಕೆ 15 ಮೀಟರ್ ಹಗ್ಗ ಸರಿಯಾಯಿತು. ನೀರು ತೋಡಿ ಹಾಕಲು ಒಂದು ಡಬ್ಬಿ, ಬಲೆ ಕತ್ತರಿಸಲು ಚೂರಿ, ಸೀಟಿ, ಟಾರ್ಚ್. ಫೋನ್‌ಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಕಷ್ಟ ಬಂದರೆ 112.

ನೀರು ತಲೆಗೆ ಮೂರು ಲೀಟರ್. ಚಳಿಗಾಲವಾದರೂ ನೀರಿನ ಮೇಲೆ ಬಿಸಿಲು ಎರಡು ಕಡೆಯಿಂದ ಹೊಡೆಯುತ್ತದೆ. ತಲೆಗೆ ಟವೆಲ್ ಸುತ್ತಿ. ಯಾರಿಗಾದರೂ ತಲೆ ಸುತ್ತಿದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕೊಡಿ. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಕೆಡುವುದಿಲ್ಲ, ಚೆಲ್ಲುವುದಿಲ್ಲ, ದೋಣಿ ಅಲ್ಲಾಡಿದರೂ ಕೈಯಲ್ಲಿ ಹಿಡಿದು ತಿನ್ನಬಹುದು. ಬಿಯರ್ ಬೇಡ. ಇದಕ್ಕೆ ವಿವರಣೆ ಕೊಡುವುದಿಲ್ಲ.

ಮೊದಲು ಮೇಲಕ್ಕೆ

ಯಾವಾಗಲೂ ನದಿ ಬರುವ ಕಡೆಗೆ ಹೊರಡಿ. ಬೆಳಗ್ಗೆ ತೋಳಲ್ಲಿ ಕಸುವಿದ್ದಾಗ ಎದುರು ಹೋಗಿ, ಮಧ್ಯಾಹ್ನ ದಣಿದಾಗ ನೀರಿನ ಜೊತೆ ಬರಬಹುದು. ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ. ಬ್ಯಾರೇಜ್ ಇರುವುದು ಕೆಳಗೆ. ಮೇಲಕ್ಕೆ ಹೋದಷ್ಟೂ ಅದರಿಂದ ದೂರವಾಗುತ್ತೀರಿ. ಹೊರಡುವ ಜಾಗವೇ ಬ್ಯಾರೇಜಿನಿಂದ ಒಂದೆರಡು ಕಿಲೋಮೀಟರ್ ಮೇಲಿರಲಿ.

ಸೆಳವು ಎಷ್ಟಿದೆ ಅಂತ ಹೀಗೆ ನೋಡಿ. ದಂಡೆಯ ಮೇಲೆ 10 ಮೀಟರ್ ದೂರಕ್ಕೆ ಎರಡು ಕಲ್ಲು ಇಟ್ಟು, ಒಂದು ಒಣ ಕಡ್ಡಿ ಎಸೆಯಿರಿ. ಕಡ್ಡಿಗೆ 20 ಸೆಕೆಂಡ್ ಬೇಕಾದರೆ ನೀರು ಗಂಟೆಗೆ 1.8 ಕಿಲೋಮೀಟರ್ ಹರಿಯುತ್ತಿದೆ. ಹುಟ್ಟು ಹಾಕುವ ದೋಣಿ ನಿಂತ ನೀರಲ್ಲಿ ಗಂಟೆಗೆ 4 ಕಿಲೋಮೀಟರ್ ಹೋಗುತ್ತದೆ ಅಂದುಕೊಳ್ಳಿ. ಮೇಲಕ್ಕೆ ಸಿಗುವುದು 2.2, ಕೆಳಕ್ಕೆ 5.8. ಆರು ಕಿಲೋಮೀಟರ್ ಮೇಲೆ ಹೋಗಲು ಎರಡೂ ಮುಕ್ಕಾಲು ಗಂಟೆ, ಬರಲು ಒಂದೇ ಗಂಟೆ. ಕಡ್ಡಿ 10 ಸೆಕೆಂಡಿನಲ್ಲೇ ದಾಟಿತಾ? ಹಾಗಾದರೆ ನೀರು 3.6 ಓಡುತ್ತಿದೆ, ನೀವು ಹುಟ್ಟು ಹಾಕಿ ಹಾಕಿ ಇದ್ದಲ್ಲೇ ಇರುತ್ತೀರಿ. ಇಂಜಿನ್‌ನವರು ಪೆಟ್ರೋಲನ್ನು ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಮುಟ್ಟದೆ ಇಡಲು ಒಂದು.

ಹತ್ತುವಾಗ ಒಬ್ಬೊಬ್ಬರೇ, ಬಗ್ಗಿಕೊಂಡು, ನಡು ಮಧ್ಯಕ್ಕೆ ಕಾಲಿಡಿ. ಭಾರದವರು ನಡುವೆ ಕೂರಲಿ. ನಮ್ಮ ಕಡೆ ದೋಣಿ ತಳ್ಳುವ ಮೊದಲು ಗಂಗವ್ವಗೆ ಒಂದು ಕಾಯಿ, ಕುಂಕುಮ. ಪೂಜೆ ನಡೆಯುವ ಆ ಎರಡು ನಿಮಿಷ ಎಲ್ಲರೂ ಸುಮ್ಮನೆ ನಿಂತಿರುತ್ತಾರಲ್ಲ, ಬಿದ್ದರೆ ಏನು ಮಾಡಬೇಕು, ಎದ್ದು ನಿಲ್ಲಬಾರದು ಅನ್ನುವುದನ್ನು ನಾನು ಆಗಲೇ ಹೇಳಿ ಮುಗಿಸುತ್ತೇನೆ.

ಎದುರಿಗೆ ಇನ್ನೊಂದು ದೋಣಿ ಬಂದರೆ ಬಲಕ್ಕೆ ಸರಿಯಿರಿ. ರಸ್ತೆಯಲ್ಲಿ ಎಡ, ನೀರಲ್ಲಿ ಬಲ. ಬೈಕ್ ಓಡಿಸಿ ಅಭ್ಯಾಸವಾದವರ ಕೈ ತಾನಾಗೇ ಎಡಕ್ಕೆ ಹೋಗುತ್ತದೆ, ನೋಡಿಕೊಳ್ಳಿ. ಹುಟ್ಟಿನ ದೋಣಿಗೆ, ಬಲೆ ಎಳೆಯುತ್ತಿರುವವರಿಗೆ ಇಂಜಿನ್‌ನವರೇ ದಾರಿ ಬಿಡಬೇಕು.

ನೀರನ್ನು ಓದುವುದು

ತಿರುವಿನಲ್ಲಿ ಹೊರಗಿನ ದಂಡೆ ಕಡೆ ಆಳ, ಒಳಗಿನ ಕಡೆ ಮರಳು ಕೂತು ತೆಳು. ಹೊರ ದಂಡೆ ಕುಸಿಯುತ್ತಿರುತ್ತದೆ, ಅದಕ್ಕೆ ತೀರಾ ಅಂಟಿಕೊಳ್ಳಬಾರದು. ಹರಿವು ಇರುವ ಕಡೆ ನೀರಿನ ಮೇಲೆ ಬಾಣದ ಮೊನೆಯಂಥ ಗೆರೆ ಕಾಣುತ್ತದೆ. ಮೊನೆ ಕೆಳಗಡೆಗೆ ತೋರಿಸುತ್ತಿದ್ದರೆ ಎರಡು ಕಲ್ಲಿನ ನಡುವೆ ದಾರಿಯಿದೆ. ಮೊನೆ ನಿಮ್ಮ ಮೇಲ್ಗಡೆಗೆ, ನದಿ ಬರುವ ದಿಕ್ಕಿಗೆ ತೋರಿಸುತ್ತಿದ್ದರೆ ಮೊನೆಯಲ್ಲೇ ಬಂಡೆ ಕೂತಿದೆ. ಸುತ್ತೆಲ್ಲ ಸಣ್ಣ ಅಲೆ ಇದ್ದು ಒಂದು ಕಡೆ ಮಾತ್ರ ನೀರು ಎಣ್ಣೆ ಸುರಿದ ಹಾಗೆ ನುಣ್ಣಗೆ ಉಬ್ಬಿದ್ದರೆ ಅಲ್ಲೂ ಕಲ್ಲು.

ಸಾಲಾಗಿ ತೇಲುವ ನೀರಿನ ಬಾಟಲಿ, ಥರ್ಮೋಕೋಲ್ ಚೂರು ಕಸವಲ್ಲ, ಬಲೆಯ ಗುರುತು. ಸುತ್ತಿ ಹೋಗಿ. ಸುತ್ತಲು ಜಾಗವೇ ಇಲ್ಲದಿದ್ದರೆ ಇಂಜಿನ್ ಎತ್ತಿ ಹುಟ್ಟಿನಲ್ಲಿ ದಾಟಿ.

ಪಂಪ್‌ಸೆಟ್ ವೈರ್ ನಮ್ಮ ನದಿಗಳ ವಿಶೇಷ ಅಪಾಯ, ಹೊರಗಿನವರಿಗೆ ಹೊಳೆಯುವುದೇ ಇಲ್ಲ. ದಂಡೆಯುದ್ದಕ್ಕೂ ರೈತರ ಮೋಟರ್‌ಗಳಿರುತ್ತವೆ. ನೀರು ಇಳಿದ ಹಾಗೆ ಮೋಟರನ್ನೂ ಕೆಳಗೆ ಸರಿಸುತ್ತಾರೆ, ವೈರ್ ಜೋಡಿಸಿ ಟೇಪ್ ಸುತ್ತಿರುತ್ತಾರೆ. ಕೆಲವು ಕಡೆ ಅದು ನೀರೊಳಗೇ ಬಿದ್ದಿರುತ್ತದೆ. ಮೋಟರ್ ಸದ್ದು ಕೇಳುವ ಜಾಗದಲ್ಲಿ ಇಳಿಯಬೇಡಿ, ಕಬ್ಬಿಣದ ಪೈಪ್ ಹಿಡಿದು ದೋಣಿ ನಿಲ್ಲಿಸಬೇಡಿ.

ಕೃಷ್ಣೆಯಲ್ಲಿ ಮೊಸಳೆಗಳಿವೆ. ಚಳಿಗಾಲದ ಬೆಳಗ್ಗೆ ದಂಡೆಗೆ ಬಂದು ಬಿಸಿಲು ಕಾಯಿಸುತ್ತವೆ. ಕೈ ನೀರಲ್ಲಿ ಇಳಿಬಿಟ್ಟು ಕೂರುವುದು, ದಂಡೆಯಲ್ಲಿ ಮೀನು ತೊಳೆಯುವುದು, ಹತ್ತಿರ ಹೋಗಿ ಫೋಟೋ ತೆಗೆಯುವುದು ಬೇಡ. ಫೆಬ್ರುವರಿ ನಂತರ ಮರಳ ದಿಬ್ಬಗಳಲ್ಲಿ ಅವು ಮೊಟ್ಟೆ ಇಡುವ ಕಾಲ, ರೀವ ಹಕ್ಕಿಗಳೂ ಅಲ್ಲೇ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಆಗ ದಿಬ್ಬಗಳಿಗೆ ಕಾಲಿಡಬೇಡಿ.

ಬ್ಯಾರೇಜ್

ಇದಕ್ಕೆ ಬೇರೆಯೇ ತಲೆಬರಹ ಬೇಕು. ಮೇಲಿನಿಂದ ನೋಡಿದರೆ ಬ್ಯಾರೇಜ್ ಕಾಣುವುದೇ ಇಲ್ಲ, ನೀರು ಸಪಾಟಾಗಿ ಹೋಗಿ ಒಂದು ಗೆರೆಯಲ್ಲಿ ಮುಗಿದ ಹಾಗಿರುತ್ತದೆ. ಗೇಟ್ ತೆರೆದಿದ್ದರೆ ಆ ಗೆರೆ ಎಳೆಯುತ್ತದೆ. ಕೆಳಗಡೆ ಇನ್ನೂ ಕೆಟ್ಟದು. ಮೇಲಿಂದ ಬಿದ್ದ ನೀರು ತಳಕ್ಕೆ ಹೋಗಿ ಎದ್ದು ಮತ್ತೆ ಗೋಡೆಯ ಕಡೆಗೇ ಉರುಳಿ ಬರುತ್ತದೆ. ಅದರಲ್ಲಿ ಸಿಕ್ಕ ಮರದ ದಿಮ್ಮಿ ದಿನಗಟ್ಟಲೆ ಅಲ್ಲೇ ತಿರುಗುತ್ತಿರುವುದನ್ನು ನೋಡಿರಬಹುದು. ಜಾಕೆಟ್ ಹಾಕಿದವರೂ ಅದರಿಂದ ಹೊರಬರುವುದು ಕಷ್ಟ. ಎರಡೂ ಕಡೆ ಅರ್ಧ ಕಿಲೋಮೀಟರ್ ದೂರ ಇರುವುದು ನನ್ನ ಲೆಕ್ಕ. ಮೀನು ಚೆನ್ನಾಗಿ ಸಿಗುತ್ತದೆ ಅಂತ ಜನ ಅಲ್ಲೇ ಸೇರುತ್ತಾರೆ. ಸೇರಲಿ, ನೀವು ಹೋಗಬೇಡಿ.

ನಾನು ಇಷ್ಟು ಹೇಳಲು ಕಾರಣವಿದೆ. ಮೊದಲನೇ ವರ್ಷ ಗೆಳೆಯರ ಜೊತೆ ಇಂಜಿನ್ ದೋಣಿಯಲ್ಲಿ ಹೋಗಿದ್ದೆ. ಬಾಡಿಗೆ ಕೊಟ್ಟವನು "ಇಂಜಿನ್ ಐತಲ್ರಿ, ಹುಟ್ಟು ಯಾಕ?" ಅಂದ. ನಾವೂ ನಕ್ಕು ಹತ್ತಿದೆವು. ವಾಪಸ್ ಬರುವಾಗ ಪ್ರೊಪೆಲ್ಲರ್ ಬಂಡೆಗೆ ಬಡಿಯಿತು. ಒಳಗೆ ಒಂದು ಸಣ್ಣ ಪಿನ್ ಇರುತ್ತದೆ, ಇಂಜಿನ್ ಉಳಿಯಲಿ ಅಂತ ತಾನು ಮುರಿಯುವಂಥದ್ದು. ಅದು ಮುರಿಯಿತು. ಇಂಜಿನ್ ಗುರ್ ಅನ್ನುತ್ತದೆ, ದೋಣಿ ಮಾತ್ರ ಸುಮ್ನೆ ತೇಲುತ್ತದೆ. ಹುಟ್ಟಿಲ್ಲ, ಗಳವಿಲ್ಲ, ಲಂಗರಿಲ್ಲ. ನಾವು ಹೊರಟಿದ್ದ ದಂಡೆ ಕಣ್ಣೆದುರೇ ದಾಟಿ ಹೋಯಿತು. ಮುಂದೆ ಬ್ಯಾರೇಜಿನ ಕಂಬಗಳು. ನಾಲ್ವರೂ ಅಂಗೈಯಲ್ಲಿ, ಚಪ್ಪಲಿಯಲ್ಲಿ ನೀರು ತಳ್ಳಿದೆವು. ಗೇಟ್ ಮುಚ್ಚಿದ್ದರಿಂದ ಸೆಳವು ಕಡಿಮೆ ಇತ್ತು, ಹೇಗೋ ಜಾಲಿ ಪೊದೆಗೆ ಹೋಗಿ ಸಿಕ್ಕಿಕೊಂಡೆವು. ಮೈಯೆಲ್ಲ ಮುಳ್ಳು. ಮನೆಯಲ್ಲಿ ಬಿದ್ದೆ ಅಂತ ಸುಳ್ಳು ಹೇಳಿದೆ.

ಆಮೇಲಿಂದ ಆ ಪಿನ್ ಎರಡು ಜಾಸ್ತಿ, ಒಂದು ಇಕ್ಕಳ, ಯಾವಾಗಲೂ ಚೀಲದಲ್ಲಿರುತ್ತವೆ. ಇಂಜಿನ್ ಕೈಕೊಟ್ಟರೆ ಮೊದಲು ಲಂಗರು ಬಿಡಿ, ಆಮೇಲೆ ರಿಪೇರಿ. ಇಂಜಿನ್ ನಡೆಸುವವನ ಮಣಿಕಟ್ಟಿಗೆ ಕಟ್ಟುವ ಕೆಂಪು ದಾರವೊಂದು ಇರುತ್ತದೆ, ಅವನು ನೀರಿಗೆ ಬಿದ್ದರೆ ಇಂಜಿನ್ ತಾನಾಗೇ ನಿಲ್ಲಲಿ ಅಂತ. ಅದನ್ನು ಕಟ್ಟದೆ ಕೂರುವವರೇ ಜಾಸ್ತಿ. ಕಟ್ಟಿಸಿ.

ಯಾರಾದರೂ ಬಿದ್ದರೆ

ಇಂಜಿನ್ ಆರಿಸಿ. ಒಬ್ಬರು ಬಿದ್ದವರ ಮೇಲಿಂದ ಕಣ್ಣು ತೆಗೆಯದೆ ಕೈ ತೋರಿಸುತ್ತಿರಬೇಕು. ಕ್ಯಾನ್ ಕಟ್ಟಿದ ಹಗ್ಗವನ್ನು ಅವರ ತಲೆಯಿಂದ ಆಚೆಗೆ ಎಸೆದು ಎಳೆಯಿರಿ. ಹಿಂದೆಯೇ ಹಾರಬೇಡಿ, ಮುಳುಗುವವರು ಹಿಡಿದ ಕೈ ಬಿಡುವುದಿಲ್ಲ. ಹತ್ತಿಸಿಕೊಳ್ಳುವಾಗ ಪಕ್ಕದಿಂದ ಎಳೆದರೆ ದೋಣಿ ವಾಲುತ್ತದೆ, ಹಿಂಬದಿಯಿಂದ ಹತ್ತಿಸಿ. ದೋಣಿಯೇ ಮಗುಚಿದರೆ ಅದನ್ನೇ ಹಿಡಿದುಕೊಂಡಿರಿ, ದಂಡೆ ಹತ್ತಿರವಿದೆ ಅನಿಸಿದರೂ ಈಜಲು ಹೊರಡಬೇಡಿ.

ದಂಡೆಗೆ ತಂದವರಿಗೆ ಉಸಿರು ಇಲ್ಲವೆಂದರೆ ತಲೆಯ ಮೇಲೆ ಎತ್ತಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ನಮ್ಮ ಹಳ್ಳಿಗಳಲ್ಲಿ ಇನ್ನೂ ಹಾಗೆ ಮಾಡುತ್ತಾರೆ, ಅದರಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ. ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಮೊದಲು ಬಾಯಿಂದ ಉಸಿರು ಕೊಡಿ. ಆಮೇಲೆ ಎದೆಯ ನಡುವೆ 30 ಸಲ ಗಟ್ಟಿಯಾಗಿ ಒತ್ತಿ, 2 ಉಸಿರು, ಮತ್ತೆ 30. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಎದ್ದು ಕೂತು ನಗುತ್ತಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ.

ಎಲ್ಲಿ ನಿಲ್ಲಬೇಕು

ಶಹಾಬಾದ್ ಹತ್ತಿರ ಹೊನಗುಂಟಾದಲ್ಲಿ ಕಾಗಿಣಾ ಬಂದು ಭೀಮೆಗೆ ಸೇರುತ್ತದೆ. ಮಳಖೇಡದ ಕೋಟೆಯ ಪಕ್ಕ ಹಾದು ಬಂದ ನೀರದು. ಅದಕ್ಕಿಂತ ಕೆಳಗೆ ಸನ್ನತಿ. ಚಂದ್ರಲಾಂಬಾ ಗುಡಿಯ ಆವರಣದಲ್ಲಿರುವ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ ಅಲ್ಲಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ರಾಜನ ಶಿಲ್ಪವಿದೆ, ಪಕ್ಕದಲ್ಲಿ ಬ್ರಾಹ್ಮಿ ಅಕ್ಷರದಲ್ಲಿ 'ರಾಯ ಅಸೋಕೋ' ಅಂತ ಬರೆದಿದೆ. ದೋಣಿಯ ದಿನ ಒಂದು ಕಡೆ ಇಟ್ಟು, ಮರುದಿನ ರಸ್ತೆಯಲ್ಲೇ ಇವನ್ನು ನೋಡಲು ಹೋಗಿ. ಎರಡನ್ನೂ ಒಂದೇ ದಿನ ತುರುಕಿದರೆ ಕತ್ತಲಾಗುತ್ತದೆ, ಕತ್ತಲಲ್ಲಿ ನೀರ ಮೇಲೆ ಇರಬಾರದು.

ಊಟಕ್ಕೆ ನಿಲ್ಲಲು ನಾನು ಆರಿಸುವುದು ನೆರಳಿರುವ, ಹಾಸುಬಂಡೆ ಇರುವ ದಂಡೆ. ಹೊಲದ ಅಂಚಾದರೆ ರೈತರನ್ನು ಒಂದು ಮಾತು ಕೇಳಿ. ಬೇಡ ಅಂದವರನ್ನು ನಾನು ಇದುವರೆಗೆ ಕಂಡಿಲ್ಲ, ಸೀತನಿ ಸುಟ್ಟು ಕೊಟ್ಟವರನ್ನು ಕಂಡಿದ್ದೇನೆ. ಹಸಿರು ಜೋಳದ ಬಿಸಿ ಸೀತನಿ, ಅದರ ಮೇಲೆ ಶೇಂಗಾ ಹಿಂಡಿ. ಬೆಂಗಳೂರಿನ ತಮ್ಮ ಹೌಸ್‌ಬೋಟಿನ ಹೆಸರೆತ್ತುವುದು ಬಿಟ್ಟಿದ್ದು ಅಲ್ಲಿ.

ದೋಣಿ ಕಟ್ಟಿ ಮನೆಗೆ

ಮೂರು ಗಂಟೆಗೆ ತಿರುಗಿಬಿಡಿ. ದಂಡೆ ತಲುಪಿದ ಮೇಲೆ ದೋಣಿಯನ್ನು ಗೂಟಕ್ಕೆ ಕಟ್ಟುವಾಗ ಹಗ್ಗ ಸಡಿಲ ಬಿಡಬೇಕು. ಒಮ್ಮೆ ರಾತ್ರಿ ಬ್ಯಾರೇಜಿನಲ್ಲಿ ಗೇಟ್ ಎತ್ತಿ ನೀರು ಇಳಿದಿತ್ತು. ಬೆಳಗ್ಗೆ ಹೋಗಿ ನೋಡಿದರೆ ನಾನು ಬಿಗಿದು ಕಟ್ಟಿದ ದೋಣಿ ಮೂತಿ ಮೇಲೆ ಮಾಡಿ ಕಲ್ಲಿನ ಮೇಲೆ ನೇತಾಡುತ್ತಿತ್ತು. ಮುತ್ಯಾ ಏನೂ ಅನ್ನಲಿಲ್ಲ. ಬೀಡಿ ಹಚ್ಚಿ, "ಎಮ್ಮಿ ಕಟ್ಟಿದಂಗ ಕಟ್ಟಿಯಲ್ಲೋ ತಮ್ಮಾ" ಅಂದರು, ಅಷ್ಟೇ.

ಪ್ಲಾಸ್ಟಿಕ್ ಎಲ್ಲ ವಾಪಸ್ ತನ್ನಿ. ಜಾಕೆಟ್‌ಗಳನ್ನು ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಬಟ್ಟೆ ಬೇಗ ಸವೆಯುತ್ತದೆ. ಅಂಬಿಗರ ಕೂಲಿಯನ್ನು ಹತ್ತುವ ಮೊದಲೇ ಮಾತಾಡಿಕೊಂಡಿರಿ, ಇಳಿದ ಮೇಲೆ ಚೌಕಾಸಿ ಮಾಡುವುದು ಕೆಟ್ಟ ಚಾಳಿ.

ಇನ್ನೊಂದು ಫೋನ್ ಬಾಕಿ ಇದೆ. ಹೊರಡುವಾಗ ಮನೆಯಲ್ಲಿ ಒಬ್ಬರಿಗೆ ಎಲ್ಲಿಂದ ಹೊರಡುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ, ಬರದಿದ್ದರೆ ಯಾರಿಗೆ ಹೇಳಬೇಕು ಅಂತ ತಿಳಿಸಿರಬೇಕು. ಬಂದ ಕೂಡಲೇ ಅವರಿಗೆ "ಬಂದ್ವಿ" ಅನ್ನಬೇಕು. ನಾನು ಒಂದು ಸಲ ಮರೆತು ಸ್ಟೇಷನ್ ರೋಡಿನಲ್ಲಿ ಮಿರ್ಚಿ ಭಜಿ ತಿನ್ನುತ್ತಾ ಕೂತಿದ್ದೆ. ನಮ್ಮವ್ವ ಓಣಿಯ ನಾಲ್ಕು ಹುಡುಗರನ್ನು ಕರೆದುಕೊಂಡು, ಕೈಯಲ್ಲಿ ಬ್ಯಾಟರಿ ಹಿಡಿದು ಹೊಳೆ ದಂಡೆಗೆ ಹೋಗಿದ್ದರು.